ಹೆಸರಿಲ್ಲದ ಜೋಡಿಯ ಚಿತ್ರ ನೋಡುವುದು ಹೇಗೆ?

ಗಂಡ-ಹೆಂಡತಿಯನ್ನು ಕೂರಿಸಿ ಫೋಟೋ ತೆಗೆಯುವುದು ನನ್ನ ಕಸುಬು. ಸ್ಟುಡಿಯೋಗೆ ಯಾರೇ ಬಂದರೂ ನಾನು ಮೊದಲು ಗಮನಿಸುವುದು ಅವರ ಕೈ. ಕ್ಯಾಮೆರಾ ಕಂಡ ಕೂಡಲೇ ಮುಖ ಸಿದ್ಧವಾಗಿಬಿಡುತ್ತದೆ. ಕೈ ಅಷ್ಟು ಬೇಗ ನಟಿಸುವುದಿಲ್ಲ. ಹಳೆಯ ಜೋಡಿ ಚಿತ್ರಗಳನ್ನೂ ನೀವು ಕೈಯಿಂದಲೇ ಶುರು ಮಾಡಿ.

ಅಭ್ಯಾಸಕ್ಕೆ ಚಿತ್ರಕಾರ ಲೊರೆಂಜೊ ಲೊಟ್ಟೊನ ಚಿತ್ರವೊಂದನ್ನು ಹಿಡಿಯೋಣ. ಅವನು ಇಟಲಿಯ ಬೆರ್ಗಮೊದಲ್ಲಿದ್ದಾಗ, 1523-24ರ ಸುಮಾರಿಗೆ ಬರೆದದ್ದು. ಈಗ ರಷ್ಯಾದ ಹರ್ಮಿಟೇಜ್ ಮ್ಯೂಸಿಯಂನಲ್ಲಿದೆ. ಅದರಲ್ಲಿರುವ ದಂಪತಿ ಯಾರೆಂದು ಖಚಿತವಿಲ್ಲ. ಮೊಬೈಲ್‌ನಲ್ಲಿ ನೋಡಬೇಡಿ. ಮೂಲ ಚಿತ್ರ ಒಂದು ಮೀಟರಿಗೂ ಜಾಸ್ತಿ ಅಗಲವಿದೆ, ದೊಡ್ಡ ಪರದೆಯೇ ಬೇಕು.

ಮೊದಲು ಇಬ್ಬರ ಮುಖವನ್ನೂ ಕಾಗದದಿಂದ ಮುಚ್ಚಿ. ನಾಲ್ಕು ಕೈಗಳು ಏನು ಮಾಡುತ್ತಿವೆ ನೋಡಿ. ಹೆಂಡತಿಯ ಒಂದು ಕೈ ಗಂಡನ ಹೆಗಲ ಮೇಲಿದೆ, ಇನ್ನೊಂದು ಪುಟ್ಟ ನಾಯಿಯನ್ನು ಹಿಡಿದಿದೆ. ಗಂಡನ ಒಂದು ಕೈಯಲ್ಲಿ ಕಾಗದದ ಚೀಟಿ. ಇನ್ನೊಂದು ಕೈಯ ಬೆರಳು ಮೇಜಿನತ್ತ ಚಾಚಿದೆ. ಅಲ್ಲಿ, ಟರ್ಕಿಯ ರತ್ನಗಂಬಳಿಯ ಮೇಲೆ ಒಂದು ಅಳಿಲು ಮಲಗಿದೆ!

ಈಗ ಮುಖದ ಮೇಲಿನ ಕಾಗದ ತೆಗೆಯಿರಿ. ಗಂಡನ ಕಣ್ಣು ತುಂಬಿಕೊಂಡಿದೆ ಅಲ್ವಾ? ಹಿಂದಿನ ಕಿಟಕಿಗೆ ಹೋಗಿ. ಹೊರಗೆ ಬಿರುಗಾಳಿಗೆ ಮರಗಳು ಬಾಗಿವೆ. ಆಮೇಲೆ ಚೀಟಿ ಓದಿ: 'ಹೋಮೋ ನುಂಕ್ವಂ'. ಲ್ಯಾಟಿನ್‌ನಲ್ಲಿ ಹಾಗೆಂದರೆ 'ಮನುಷ್ಯ ಎಂದಿಗೂ ಇಲ್ಲ'. ಎಂದಿಗೂ ಏನಿಲ್ಲ? ಅದು ಬರೆದಿಲ್ಲ. ಆ ಜಾಗ ತುಂಬುವುದು ನೋಡುವವರ ಕೆಲಸ.

ಪಂಡಿತರು ಎರಡು ದಾರಿ ಹಿಡಿದಿದ್ದಾರೆ. ಒಂದು, ಹೆಂಡತಿ ಆಗಲೇ ತೀರಿಕೊಂಡಿದ್ದಾಳೆ. ಬಿರುಗಾಳಿಯಲ್ಲೂ ಅಳಿಲು ನಿದ್ದೆ ಮಾಡುತ್ತದೆ, ದುಃಖದಲ್ಲಿರುವ ಮನುಷ್ಯನಿಗೆ ಅದು ಸಾಧ್ಯವಿಲ್ಲ. ಇನ್ನೊಂದು, ಇದು ನಿಷ್ಠೆಯ ಮಾತು. ನಾಯಿ ನಿಷ್ಠೆಯ ಗುರುತು, ಅಳಿಲು ಚಪಲದ ಗುರುತು, ನಾನು ಎಂದಿಗೂ ಅಳಿಲಿನಂತಾಗಲಾರೆ ಎನ್ನುತ್ತಿದ್ದಾನೆ. ನನಗೆ ಮೊದಲನೆಯದೇ ಸರಿ ಅನಿಸುತ್ತದೆ. ಬರೀ ಮಾತು ಕೊಡುವವನ ಕಣ್ಣು ಹೀಗೆ ತುಂಬುವುದಿಲ್ಲ. ನೀವೂ ಒಂದು ಪಕ್ಷ ಹಿಡಿಯಿರಿ, ಆದರೆ ಚಿತ್ರದೊಳಗಿನ ಯಾವ ವಸ್ತುವನ್ನು ನೋಡಿ ಹಾಗೆ ಹೇಳುತ್ತೀರಿ ಎಂದು ಬೆರಳಿಟ್ಟು ತೋರಿಸಬೇಕು.

ಹೆಸರು ಹುಡುಕುವ ಆಸೆ ಇದ್ದೇ ಇರುತ್ತದೆ. ಅದನ್ನು ಕೊನೆಗಿಟ್ಟುಕೊಳ್ಳಿ. ಮುಖ ನೋಡಿ ಹೆಸರು ಊಹಿಸಲು ಹೋಗಬೇಡಿ. ಹೆಸರು ಸಿಗುವುದು ಸಾಮಾನ್ಯವಾಗಿ ಕಾಗದಪತ್ರದಿಂದ. ಇದೇ ಲೊಟ್ಟೊ 1523ರಲ್ಲಿ ಬರೆದ ಇನ್ನೊಂದು ಜೋಡಿ ಮ್ಯಾಡ್ರಿಡ್‌ನ ಪ್ರಾಡೊ ಮ್ಯೂಸಿಯಂನಲ್ಲಿದೆ. ಮದುಮಗಳ ಬೆರಳಿಗೆ ಉಂಗುರ ತೊಡಿಸುತ್ತಿರುವವನು ಮಾರ್ಸಿಲಿಯೊ ಕಸ್ಸೊಟ್ಟಿ. ಹುಡುಗನ ಅಪ್ಪನಿಗೆ ಬರೆದುಕೊಟ್ಟ ಚಿತ್ರಗಳ ಬೆಲೆಪಟ್ಟಿ ಉಳಿದುಕೊಂಡದ್ದರಿಂದ ಅದು ಗೊತ್ತಾಯಿತು. ಹರ್ಮಿಟೇಜ್ ದಂಪತಿಗೆ ಹಾಗೆ ಗಟ್ಟಿಯಾಗಿ ಹೇಳುವ ಪಟ್ಟಿ ಇಲ್ಲ.

ಎರಡೂ ಚಿತ್ರಗಳನ್ನು ಪಕ್ಕಪಕ್ಕ ತೆರೆದಿಡಿ. ಪ್ರಾಡೊದಲ್ಲಿ ಮನ್ಮಥ ಇಬ್ಬರ ಹೆಗಲ ಮೇಲೂ ನೊಗ ಇಡುತ್ತಾ ನಗುತ್ತಿದ್ದಾನೆ. ಹರ್ಮಿಟೇಜ್‌ನಲ್ಲಿ ಗಂಡನ ಹೆಗಲ ಮೇಲಿರುವುದು ಹೆಂಡತಿಯ ಕೈ ಮಾತ್ರ. ಅದನ್ನು ದೊಡ್ಡದು ಮಾಡಿ ನೋಡಿ, ಭಾರ ಹಾಕಿದ್ದಾಳಾ, ಸುಮ್ನೆ ಮುಟ್ಟಿದ್ದಾಳಾ ಎಂದು.