ಶಿರಾಡಿ ಘಾಟಿ ನೋಡಬೇಕಾದ್ರೆ ಸಕಲೇಶಪುರದಲ್ಲೇ ನಿಲ್ಲಿ

ಮಂಗಳೂರು ಲೋಡ್ ಹೊಡೆಯೋ ಅಣ್ಣಂದಿರೇ, ರಾತ್ರಿಯೇ ಘಾಟಿ ಇಳಿದುಬಿಟ್ರೆ ಕಾಣೋದು ಮುಂದಿನ ಗಾಡಿಯ ಕೆಂಪು ಲೈಟು ಮಾತ್ರ. ನಾನೀಗ ಸಕಲೇಶಪುರದಲ್ಲೇ ಮಲಗಿ, ಬೆಳಗ್ಗೆ ಟೀ ಕುಡಿದು, ಮಂಜು ಸರಿದ ಮೇಲೆ ಹೊರಡ್ತೀನಿ. ದೋಣಿಗಾಲ್ ದಾಟಿದ್ರೆ ಮಾರನಹಳ್ಳಿ ಕಡೆಗೆ ಇಳಿಜಾರು. ಲೋಡ್ ಗಾಡಿ ಹತ್ತುವಾಗಿನ ಗೇರಲ್ಲೇ ಇಳೀಬೇಕು, ನ್ಯೂಟ್ರಲ್ ಮಾಡಿ ಡೀಸೆಲ್ ಉಳಿಸೋ ಹುಚ್ಚು ಬೇಡ. ಬ್ರೇಕ್ ಕಾದು ವಾಸನೆ ಬಂತೋ, ಅಗಲ ಜಾಗ ನೋಡಿ ನಿಲ್ಸಿ, ಚಕ್ರಕ್ಕೆ ಕಲ್ಲು ಕೊಡಿ. ಬ್ರೇಕ್ ಡ್ರಮ್ ತಣ್ಣಗಾಗೋ ಅರ್ಧ ಗಂಟೆ ಬೆಟ್ಟ ನೋಡೋಕೆ ಅಂತಲೇ ಇಟ್ಕೊಳ್ಳಿ. ಕೆಂಪುಹೊಳೆ ಸದ್ದು ಎಂಜಿನ್ ಆಫ್ ಮಾಡಿದ್ರೆ ತಾನೇ ಕೇಳೋದು! ಓಡಿಸುವಾಗ ಕಣಿವೆ ನೋಡೋ ಯೋಗ ಕ್ಲೀನರ್‌ಗೆ ಮಾತ್ರ. ಮಳೆಗಾಲದಲ್ಲಿ ಗುಡ್ಡ ಕಡಿದ ಬದಿಗೆ ಮಾತ್ರ ನಿಲ್ಲಿಸಲೇಬೇಡಿ, ಮಣ್ಣು ಹೇಳಿ ಕೇಳಿ ಜಾರಲ್ಲ.