ಹೊಸ ನರ್ಸ್ ಕೈಗೆ ವಾರ್ಡ್ ಒಪ್ಪಿಸುವ ಮುನ್ನ

ಬಿ.ಎಸ್ಸಿ. ನರ್ಸಿಂಗ್ ಅಥವಾ ಜಿ.ಎನ್.ಎಂ. (ನರ್ಸಿಂಗ್ ಡಿಪ್ಲೊಮಾ) ಮುಗಿಸಿ ಬೆಂಗಳೂರಿನ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರುವ ಹೊಸ ನರ್ಸ್‌ಗೆ ಕ್ಯಾನುಲಾ (ರಕ್ತನಾಳಕ್ಕೆ ಸೇರಿಸುವ ಸಣ್ಣ ಕೊಳವೆ) ಹಾಕಲು, ಬಿ.ಪಿ. ನೋಡಲು ಬರುತ್ತದೆ; ಆದರೆ ಮೂರು ಹಾಸಿಗೆಗಳಿಂದ ಒಮ್ಮೆಗೇ ಕರೆ ಬಂದಾಗ ಮೊದಲು ಎಲ್ಲಿಗೆ ಹೋಗಬೇಕೆಂಬ ವಿವೇಚನೆ ಹಿರಿಯರ ಜೊತೆ ಕೆಲಸ ಮಾಡುತ್ತಲೇ ಬರಬೇಕು. ಆದ್ದರಿಂದ ಮೊದಲು ಆಗಬೇಕಾದದ್ದು, ಹೊಸಬರಿಗೆ ಒಬ್ಬರೇ ಮಾರ್ಗದರ್ಶಕರನ್ನು ಗೊತ್ತುಮಾಡಿ, ಇಬ್ಬರಿಗೂ ಒಂದೇ ಪಾಳಿ ಹಾಕಿ, ಆ ಹಿರಿಯರ ಪಾಲಿನ ರೋಗಿಗಳ ಸಂಖ್ಯೆಯನ್ನು ವಾರ್ಡಿನ ಹೊಣೆ ಹೊತ್ತ ಇನ್‌ಚಾರ್ಜ್ ಸಿಸ್ಟರ್ ಕಡಿಮೆ ಮಾಡುವುದು. ಎಂದಿನ ಹೊರೆಯ ಮೇಲೆ ಕಲಿಸುವ ಹೊಣೆಯನ್ನೂ ಹೊರಿಸಿದರೆ ಹಿರಿಯರಿಗೆ ಕಲಿಸಲು ಪುರುಸೊತ್ತಿರುವುದಿಲ್ಲ, ಹೊಸಬರು ಲ್ಯಾಬ್‌ಗೆ ಸ್ಯಾಂಪಲ್ ಒಯ್ಯುವುದರಲ್ಲೇ ದಿನ ಕಳೆಯುತ್ತಾರೆ.

ಆ ಮಾರ್ಗದರ್ಶಕರು ನೀವಾದರೆ, ಮೊದಲ ದಿನ ಹೊಸಬರಿಗೆ ವಾರ್ಡ್ ಸುತ್ತಿಸಿ. ತುರ್ತು ಔಷಧಿ, ಸಲಕರಣೆಗಳ ಗಾಡಿಯಾದ ಕ್ರ್ಯಾಶ್ ಕಾರ್ಟ್‌ನ ಪ್ರತಿ ಡ್ರಾಯರನ್ನೂ ಅವರ ಕೈಯಿಂದಲೇ ತೆರೆಸಿ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳಂತೆ ರಕ್ತ ತಾಗಿದ ಹತ್ತಿ, ಬ್ಯಾಂಡೇಜ್ ಹಳದಿ ಚೀಲಕ್ಕೆ, ಐ.ವಿ. ಸೆಟ್ (ಡ್ರಿಪ್ ಹಾಕುವ ಪ್ಲಾಸ್ಟಿಕ್ ಕೊಳವೆ) ಕೆಂಪಿಗೆ, ಸೂಜಿ ಬಿಳಿ ಡಬ್ಬಿಗೆ, ಗಾಜು ನೀಲಿಗೆ ಹೋಗುವುದನ್ನು ತೋರಿಸಿ. ಸೂಜಿ ಚುಚ್ಚಿಕೊಂಡರೆ ಗಾಯವನ್ನು ಹಿಂಡದೆ ಸೋಪು ನೀರಿನಿಂದ ತೊಳೆದು ತಕ್ಷಣ ವರದಿ ಮಾಡಬೇಕು, ಎಚ್.ಐ.ವಿ. ತಡೆಯುವ ಔಷಧಿ ಬೇಕಾದರೆ ಅದನ್ನು 72 ಗಂಟೆಯೊಳಗೆ, ಆದಷ್ಟು ಬೇಗ ಆರಂಭಿಸಬೇಕು. ಬೈಗುಳಕ್ಕೆ ಹೆದರಿ ಮುಚ್ಚಿಡಬಾರದೆಂದು ಅಂದೇ ಹೇಳಿಬಿಡಿ.

ಔಷಧಿ ಕೊಡುವ ಕೆಲಸಕ್ಕೆ ಹೆಚ್ಚು ಸಮಯ ಮೀಸಲಿಡಿ. ಮೊದಲು ನೋಡಲಿ, ಆಮೇಲೆ ನಿಮ್ಮ ಜೊತೆ ಮಾಡಲಿ, ಬಳಿಕ ನಿಮ್ಮ ಕಣ್ಣೆದುರು ಒಬ್ಬರೇ ಮಾಡಲಿ. ಇನ್ಸುಲಿನ್, ಹೆಪಾರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಿ), ಪೊಟ್ಯಾಸಿಯಂ ಕ್ಲೋರೈಡ್‌ನಂತಹ, ಲೆಕ್ಕ ತಪ್ಪಿದರೆ ಅಪಾಯವಾಗುವ ಔಷಧಿಗಳ ಪ್ರಮಾಣವನ್ನು ಇಬ್ಬರೂ ಬೇರೆಬೇರೆಯಾಗಿ ಲೆಕ್ಕ ಹಾಕಿ ನಂತರ ತಾಳೆ ನೋಡಬೇಕು. ಹಿರಿಯರು ಉತ್ತರವನ್ನು ಮೊದಲೇ ಹೇಳಿದರೆ ಹೊಸಬರು ಗೌರವದಿಂದ ಒಪ್ಪಿಬಿಡುತ್ತಾರೆ, ಎರಡನೆಯ ಪರೀಕ್ಷೆಗೆ ಬೆಲೆಯೇ ಇರುವುದಿಲ್ಲ. ಹಾಗೆಯೇ "ಲಕ್ಷ್ಮಮ್ಮ ನೀವೇನಾ?" ಎಂದು ಕೇಳಿದರೆ, ಕಿವಿ ಮಂದವಾದ ಅಥವಾ ಗಾಬರಿಯಾದ ರೋಗಿ ಸುಮ್ಮನೆ ತಲೆಯಾಡಿಸಬಹುದು. "ನಿಮ್ಮ ಹೆಸರು ಹೇಳಿ ಅಮ್ಮ" ಎಂದು ಕೇಳಿ, ಕೈಪಟ್ಟಿಯ ಹೆಸರು ಮತ್ತು ಆಸ್ಪತ್ರೆ ಸಂಖ್ಯೆಯೊಂದಿಗೆ ಹೋಲಿಸುವುದನ್ನು ರೂಢಿ ಮಾಡಿಸಿ.

ಕೇರಳದಿಂದಲೋ ಈಶಾನ್ಯ ರಾಜ್ಯಗಳಿಂದಲೋ ಬಂದವರಿಗೆ ಭಾಷೆಯೂ ತರಬೇತಿಯ ಭಾಗವೇ. "ನೋವು ಎಲ್ಲಿದೆ?", "ಉಸಿರಾಡೋಕೆ ಕಷ್ಟ ಆಗ್ತಿದೆಯಾ?", "ಯಾವುದಾದರೂ ಔಷಧಿ ಆಗಿಬರಲ್ವಾ?" ಎಂಬಂತಹ ಕನ್ನಡ ವಾಕ್ಯಗಳನ್ನು ಅವರವರ ಲಿಪಿಯಲ್ಲಿ ಬರೆಸಿ, ರೋಗಿಯ ಉತ್ತರ ಅರ್ಥವಾಗುವವರೆಗೂ ಪಕ್ಕದಲ್ಲೇ ನಿಲ್ಲಿ. ಮಂಡ್ಯದಿಂದ ಬಂದ ರೈತನ ಎದೆನೋವು ಭಾಷೆ ತಿಳಿಯದ ಕಾರಣಕ್ಕೆ ಕೇಸ್ ಶೀಟ್ ಸೇರದೆ ಹೋಗಬಾರದು.

ರಾತ್ರಿ ವೈದ್ಯರಿಗೆ ಫೋನ್ ಮಾಡುವ ಮುನ್ನ ಈಗಿನ ಸ್ಥಿತಿ, ಹಿನ್ನೆಲೆ, ತಮ್ಮ ಅಂದಾಜು, ಬೇಕಾದ ಕ್ರಮ ಎಂಬ ನಾಲ್ಕನ್ನೂ ಹೊಸಬರು ನಿಮಗೆ ಹೇಳಿ ಅಭ್ಯಾಸ ಮಾಡಲಿ.

ತಪ್ಪು ಕಂಡರೆ ರೋಗಿಯ ಕಡೆಯವರ ಮುಂದೆ ಗದರಬೇಡಿ. ಅಪಾಯವಾಗುವಂತಿದ್ದರೆ ಮಾತ್ರ ಆ ಕ್ಷಣವೇ ಕೈ ತಡೆದು, ಕಾರಣವನ್ನು ಹೊರಗೆ ಬಂದ ಮೇಲೆ ವಿವರಿಸಿ. ಕಣ್ಣಾರೆ ಕಾಣದ ಕೌಶಲಕ್ಕೆ ತರಬೇತಿ ಪಟ್ಟಿಯಲ್ಲಿ ಸಹಿ ಹಾಕಬೇಡಿ. ಪಟ್ಟಿ ಪೂರ್ತಿಯಾಗದಿದ್ದರೆ, ಸಿಬ್ಬಂದಿ ಎಷ್ಟೇ ಕಡಿಮೆಯಿದ್ದರೂ, ಅವರನ್ನು ಒಂಟಿಯಾಗಿ ರಾತ್ರಿ ಪಾಳಿಗೆ ಹಾಕದಂತೆ ಇನ್‌ಚಾರ್ಜ್‌ಗೆ ಲಿಖಿತವಾಗಿ ತಿಳಿಸಿ.