ಚರ್ಮದಡಿಯ ಕೊಬ್ಬಿನ ಟಿ-ಸೆಲ್ ಲಿಂಫೋಮಾ: ಪತ್ತೆ ಮತ್ತು ಚಿಕಿತ್ಸೆಯ ಕ್ರಮ

ತೋಳು, ತೊಡೆ ಅಥವಾ ಹೊಟ್ಟೆಯ ಚರ್ಮದಡಿಯಲ್ಲಿ ಗಂಟುಗಳು ತಿಂಗಳುಗಟ್ಟಲೆ ಉಳಿದು, ಜೊತೆಗೆ ಕಾರಣ ತಿಳಿಯದ ಜ್ವರವೂ ಇದ್ದರೆ, ಸಬ್‌ಕ್ಯುಟೇನಿಯಸ್ ಪ್ಯಾನಿಕ್ಯುಲೈಟಿಸ್-ಲೈಕ್ ಟಿ-ಸೆಲ್ ಲಿಂಫೋಮಾ ಎಂಬ, ರೋಗನಿರೋಧಕ ಟಿ-ಜೀವಕೋಶಗಳ ಅಪರೂಪದ ಕ್ಯಾನ್ಸರನ್ನು ನೆನಪಿಗೆ ತಂದುಕೊಳ್ಳಬೇಕು. ಇದು ಹೆಚ್ಚಾಗಿ ಯುವ ವಯಸ್ಸಿನವರಲ್ಲಿ, ಅದರಲ್ಲೂ ಮಹಿಳೆಯರಲ್ಲಿ ಕಾಣಿಸುತ್ತದೆ. ನಮ್ಮಲ್ಲಿ ಮೊದಲ ಅನುಮಾನ ಕ್ಷಯದ ಮೇಲೆ ಹೋಗುವುದು ಸಹಜವೇ. ಆದರೂ ಬಯಾಪ್ಸಿಗೆ ಮುನ್ನವೇ ಸ್ಟೀರಾಯ್ಡ್ ಕೊಟ್ಟುಬಿಟ್ಟರೆ ಗಂಟು ಕರಗಿ, ರೋಗದ ಗುರುತೇ ಅಳಿಸಿಹೋಗಬಹುದು.

ಬಯಾಪ್ಸಿಯಲ್ಲಿ ಚರ್ಮದ ಮೇಲ್ಪದರವಷ್ಟೇ ಸಿಕ್ಕರೆ ಪ್ರಯೋಜನವಿಲ್ಲ. ಸಣ್ಣ ಪಂಚ್ ಬಯಾಪ್ಸಿಯ ಬದಲು, ಕೊಬ್ಬಿನ ಪದರ ಸಾಕಷ್ಟು ಬರುವಂತೆ ಆಳವಾಗಿ ಕತ್ತರಿಸಿ ತೆಗೆಯುವಂತೆ ಶಸ್ತ್ರವೈದ್ಯರನ್ನು ಕೋರಬೇಕು. ಸೂಕ್ಷ್ಮದರ್ಶಕದಲ್ಲಿ ವಿಕಾರಗೊಂಡ ಟಿ-ಜೀವಕೋಶಗಳು ಒಂದೊಂದು ಕೊಬ್ಬಿನ ಕೋಶದ ಸುತ್ತಲೂ ಬಳೆಯಂತೆ ಕೂತಿರುವುದು ಮುಖ್ಯ ಸುಳಿವು, ಆದರೆ ಅದೊಂದೇ ಸಾಲದು. ಆ ಕೋಶಗಳು ಸಿಡಿ3, ಸಿಡಿ8, ಬೀಟಾ-ಎಫ್1 ಮತ್ತು ಗ್ರಾಂಜೈಮ್-ಬಿ ಎಂಬ ಗುರುತಿನ ಪ್ರೋಟೀನ್‌ಗಳ ಬಣ್ಣ ಹಿಡಿಯಬೇಕು. ಸಿಡಿ4, ಸಿಡಿ56 ಹಾಗೂ ಎಪ್‌ಸ್ಟೀನ್-ಬಾರ್ ವೈರಸ್‌ನ ಪರೀಕ್ಷೆಗಳು ನೆಗೆಟಿವ್ ಆಗಿರಬೇಕು. ಗಾಮಾ-ಡೆಲ್ಟಾ ಎಂಬ ಇನ್ನೊಂದು ಬಗೆಯ ಟಿ-ಜೀವಕೋಶದ ಲಿಂಫೋಮಾ ಹೊರನೋಟಕ್ಕೆ ಇದನ್ನೇ ಹೋಲುತ್ತದೆಯಾದರೂ ಬಹಳ ಉಗ್ರವಾದುದು. 2008ರ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣ ಅದನ್ನು ಬೇರೆಯಾಗಿಯೇ ಇರಿಸಿದೆ.

ಎಲ್ಲಕ್ಕಿಂತ ಕಷ್ಟವಾದದ್ದು ಲೂಪಸ್ ಎಂಬ ಸ್ವಯಂನಿರೋಧಕ ಕಾಯಿಲೆಯಿಂದಾಗುವ ಕೊಬ್ಬಿನ ಉರಿಯೂತವನ್ನು ಇದರಿಂದ ಬೇರ್ಪಡಿಸುವುದು. ಪ್ಲಾಸ್ಮಾ ಕೋಶಗಳು ಮತ್ತು ಸಿಡಿ123 ಬಣ್ಣ ಹಿಡಿಯುವ ಕೋಶಗಳ ಗುಂಪುಗಳು ಲೂಪಸ್‌ನ ಕಡೆಗೆ ಬೆರಳು ತೋರಿಸುತ್ತವೆ. ಎರಡೂ ಒಬ್ಬರಲ್ಲೇ ಇರುವ ಪ್ರಸಂಗಗಳೂ ಉಂಟು. ಆದ್ದರಿಂದ ಲೂಪಸ್‌ನ ಸುಳಿವು ಕೊಡುವ ಎಎನ್ಎ ರಕ್ತಪರೀಕ್ಷೆ ಮಾಡಿಸಿ, ಸ್ಲೈಡುಗಳನ್ನು ಲಿಂಫೋಮಾದಲ್ಲಿ ಪಳಗಿದ ಇನ್ನೊಬ್ಬ ಪೆಥಾಲಜಿಸ್ಟ್‌ಗೆ ತೋರಿಸುವುದು ಅತಿಯಾದ ಎಚ್ಚರಿಕೆಯೇನಲ್ಲ.

ಚಿಕಿತ್ಸೆಯ ದಾರಿಯನ್ನು ನಿರ್ಧರಿಸುವುದು ಎಚ್‌ಎಲ್‌ಎಚ್, ಅಂದರೆ ರೋಗನಿರೋಧಕ ವ್ಯವಸ್ಥೆ ಹದ್ದುಮೀರಿ ದೇಹದ ಮೇಲೆಯೇ ತಿರುಗಿಬೀಳುವ ಸ್ಥಿತಿ. ಬಿಡದ ಜ್ವರ, ಊದಿದ ಗುಲ್ಮ, ಕುಸಿಯುತ್ತಿರುವ ರಕ್ತಕಣಗಳು, ಮಿಲಿಲೀಟರಿಗೆ 500 ನ್ಯಾನೊಗ್ರಾಂ ದಾಟಿದ ಫೆರಿಟಿನ್ (ಕಬ್ಬಿಣ ಶೇಖರಿಸುವ ಪ್ರೋಟೀನ್), ಏರಿದ ಟ್ರೈಗ್ಲಿಸರೈಡ್, ಇಳಿದ ಫೈಬ್ರಿನೋಜನ್ (ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನ್) ಒಟ್ಟಿಗೆ ಕಂಡರೆ ಕಾಯದೆ ಆಸ್ಪತ್ರೆಗೆ ದಾಖಲಿಸಬೇಕು. ಎಚ್‌ಎಲ್‌ಎಚ್ ಇಲ್ಲದವರಲ್ಲಿ ಐದು ವರ್ಷ ಬದುಕುಳಿಯುವವರು ಶೇ 90ರ ಆಸುಪಾಸು. ಇದ್ದವರಲ್ಲಿ ಅದು ಅರ್ಧಕ್ಕಿಂತ ಕೆಳಗಿಳಿದದ್ದು ವರದಿಯಾಗಿದೆ. ಕಾಯಿಲೆಯ ಹರವನ್ನು ಪೆಟ್-ಸಿಟಿ ಸ್ಕ್ಯಾನ್ ತಿಳಿಸುತ್ತದೆ.

ಲಿಂಫೋಮಾ ಎಂಬ ಹೆಸರು ಕೇಳಿದೊಡನೆ ಹಲವು ಔಷಧಗಳ ಕೀಮೋಥೆರಪಿಗೆ ಧಾವಿಸುವ ಅಗತ್ಯ ಬಹುಪಾಲು ರೋಗಿಗಳಿಗಿಲ್ಲ ಎಂಬುದೇ ಇಲ್ಲಿ ಗಮನಿಸಬೇಕಾದ ವಿಷಯ. ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್, ಅದರೊಂದಿಗೆ ರೋಗನಿರೋಧಕ ವ್ಯವಸ್ಥೆಯನ್ನು ತಣಿಸುವ ಸೈಕ್ಲೊಸ್ಪೊರಿನ್ ಅಥವಾ ಕಡಿಮೆ ಪ್ರಮಾಣದ ಮೆಥೊಟ್ರೆಕ್ಸೇಟ್ ಅನೇಕರಲ್ಲಿ ಸಾಕಾಗುತ್ತದೆ. ಒಂದೇ ಗಂಟಿದ್ದರೆ ವಿಕಿರಣ ಚಿಕಿತ್ಸೆಯನ್ನೂ ಪರಿಗಣಿಸಬಹುದು. ಈ ಔಷಧಗಳಿಗೆ ಮೊದಲು ಕ್ಷಯ ಮತ್ತು ಹೆಪಟೈಟಿಸ್-ಬಿ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಸೈಕ್ಲೊಸ್ಪೊರಿನ್ ಸೇವಿಸುವಾಗ ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಮತ್ತು ರಕ್ತದೊತ್ತಡವನ್ನು ಆಗಾಗ ನೋಡುತ್ತಿರಬೇಕು. ಕೀಮೋಥೆರಪಿಯೂ ಅಸ್ಥಿಮಜ್ಜೆಯ ಕಸಿಯೂ ಇವುಗಳಿಗೆ ಬಗ್ಗದ ರೋಗಕ್ಕೆ ಮೀಸಲು. 2018ರಲ್ಲಿ ಅನೇಕ ರೋಗಿಗಳಲ್ಲಿ ರೋಗನಿರೋಧಕ ವ್ಯವಸ್ಥೆಗೆ ಕಡಿವಾಣ ಹಾಕುವ ಎಚ್‌ಎವಿಸಿಆರ್2 ಎಂಬ ಜೀನಿನ ಹುಟ್ಟಿನಿಂದ ಬಂದ ದೋಷ ಪತ್ತೆಯಾದ ಮೇಲೆ ರೋಗನಿರೋಧಕ ವ್ಯವಸ್ಥೆಯನ್ನು ತಣಿಸುವ ಈ ಕ್ರಮಕ್ಕೆ ಇನ್ನಷ್ಟು ಆಧಾರ ಸಿಕ್ಕಿದೆ. ಚಿಕ್ಕ ವಯಸ್ಸಿನವರಲ್ಲಿ, ಕುಟುಂಬದಲ್ಲಿ ಇನ್ನೊಬ್ಬರಿಗೂ ಇಂಥ ತೊಂದರೆ ಇದ್ದಲ್ಲಿ, ಮತ್ತು ಕಸಿಗಾಗಿ ಒಡಹುಟ್ಟಿದವರನ್ನು ದಾನಿಯಾಗಿ ಆರಿಸುವ ಮುನ್ನ ಆ ಜೀನಿನ ಪರೀಕ್ಷೆ ಮಾಡಿಸಬೇಕು.